ಸೀರಿಯಲ್ ಪೋರ್ಟ್ ಚಿಪ್‌ಗಳ ಹೊಂದಾಣಿಕೆ ಮತ್ತು ದೋಷಪತ್ತೆ

ಸೀರಿಯಲ್ ಪೋರ್ಟ್ ಚಿಪ್ ಎಂದರೆ ಗಣಕಯಂತ್ರದೊಳಗೆ ಎಂಟು ಬಿಟ್‌ಗಳ ಗುಂಪಾಗಿ ಸಾಗುವ ದತ್ತಾಂಶವನ್ನು ಒಂದೊಂದೇ ಬಿಟ್ ಆಗಿ ಬಿಡಿಸಿ ತಂತಿಯ ಮೇಲೆ ಕಳುಹಿಸುವ, ಹಾಗೆಯೇ ಒಂದರ ಹಿಂದೊಂದಾಗಿ ಬಂದ ಬಿಟ್‌ಗಳನ್ನು ಮತ್ತೆ ಬೈಟ್‌ಗಳಾಗಿ ಜೋಡಿಸುವ ಚಿಪ್. ಯೂನಿವರ್ಸಲ್ ಅಸಿಂಕ್ರೊನಸ್ ರಿಸೀವರ್ ಟ್ರಾನ್ಸ್‌ಮಿಟರ್ ಎಂಬ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಇದನ್ನು ಯುಎಆರ್‌ಟಿ ಎಂದು ಕರೆಯುವ ರೂಢಿಯಿದೆ. 1981ರ ಐಬಿಎಂ ಪಿಸಿ ಮತ್ತು ಅದರ ಮಾದರಿಯಲ್ಲಿ ತಯಾರಾದ ಗಣಕಯಂತ್ರಗಳಲ್ಲಿ ನ್ಯಾಷನಲ್ ಸೆಮಿಕಂಡಕ್ಟರ್ ಸಂಸ್ಥೆಯ 8250 ಚಿಪ್, ಅದರ ಮುಂದಿನ ಪೀಳಿಗೆಗಳಾದ 16450, 16550 ಮತ್ತು 16550ಎ ಹಾಗೂ ಇತರ ತಯಾರಕರು ಮಾಡಿದ ಅವುಗಳ ಪ್ರತಿರೂಪಗಳು ಬಳಕೆಯಲ್ಲಿದ್ದವು.

ಈ ಚಿಪ್‌ಗಳೆಲ್ಲವೂ ಒಂದೇ ರಿಜಿಸ್ಟರ್ ವಿನ್ಯಾಸವನ್ನು ಉಳಿಸಿಕೊಂಡವು. ಆದಕಾರಣ ಅವು ಪರಸ್ಪರ ಹೊಂದಿಕೊಳ್ಳುತ್ತವೆ ಎಂಬ ಭರವಸೆಯ ಮೇಲೆಯೇ ಮಾರಾಟವಾದವು. ಒಂದಕ್ಕಾಗಿ ಬರೆದ ಪ್ರೋಗ್ರಾಮ್ ಇನ್ನೊಂದರ ಮೇಲೂ ನಡೆಯುತ್ತದೆ ಎಂಬಷ್ಟಕ್ಕೆ ಈ ಮಾತು ಬಹುಮಟ್ಟಿಗೆ ನಿಜ. ಆದರೆ ಒಂದು ಅಕ್ಷರ ಬಂದ ಮೇಲೆ ಎಷ್ಟು ಹೊತ್ತಿನೊಳಗೆ ಅದನ್ನು ಎತ್ತಿಕೊಳ್ಳಬೇಕು, ನಿಲ್ಲಿಸೆಂದು ಹೇಳಿದ ಮೇಲೆ ಇನ್ನೆಷ್ಟು ಅಕ್ಷರಗಳು ಹೊರಬೀಳುತ್ತವೆ ಎಂಬ ವಿಷಯಗಳಲ್ಲಿ ಅವು ಒಂದರಂತೆ ಇನ್ನೊಂದಿಲ್ಲ. ಹಳೆಯ ಗಣಕಗಳಲ್ಲಿ ಮೋಡೆಮ್, ಕೇಬಲ್ ಅಥವಾ ದೂರವಾಣಿ ತಂತಿಯ ದೋಷವೆಂದು ಭಾವಿಸಲಾದ ಅನೇಕ ತೊಂದರೆಗಳ ಮೂಲ ಈ ಕಾಲವ್ಯತ್ಯಾಸದಲ್ಲಿತ್ತು.

ಕೆಲಸದ ರೀತಿ

ಸಾಮಾನ್ಯ ಬಳಕೆಯಲ್ಲಿ ಒಂದು ಅಕ್ಷರವನ್ನು ಕಳುಹಿಸಲು ಹತ್ತು ಬಿಟ್‌ಗಳು ಬೇಕು: ಆರಂಭದ ಒಂದು, ದತ್ತಾಂಶದ ಎಂಟು, ಮುಕ್ತಾಯದ ಒಂದು. ಆದ್ದರಿಂದ ಸೆಕೆಂಡಿಗೆ 9600 ಬಿಟ್ ವೇಗದಲ್ಲಿ 960 ಅಕ್ಷರಗಳು ಬರುತ್ತವೆ. ಒಂದೊಂದಕ್ಕೂ ನಡುವಿನ ಅಂತರ ಒಂದು ಮಿಲಿಸೆಕೆಂಡಿಗಿಂತ ತುಸು ಹೆಚ್ಚು. 115200ರ ವೇಗದಲ್ಲಿ ಸೆಕೆಂಡಿಗೆ 11520 ಅಕ್ಷರಗಳು, ಅಂತರ ಸುಮಾರು 87 ಮೈಕ್ರೊಸೆಕೆಂಡ್.

ಚಿಪ್‌ಗೆ ಕಾಲದ ಲೆಕ್ಕವನ್ನು ಒದಗಿಸುವುದು 1.8432 ಮೆಗಾಹರ್ಟ್ಸ್ ಸ್ಫಟಿಕ. ಇದನ್ನು 16ರಿಂದ ಭಾಗಿಸಿದರೆ 115200 ಬರುತ್ತದೆ. ಪಿಸಿಯ ಸೀರಿಯಲ್ ಪೋರ್ಟಿನ ಗರಿಷ್ಠ ವೇಗ ಅಷ್ಟಕ್ಕೇ ನಿಂತಿದ್ದುದರ ಕಾರಣ ಇದೇ. ಇದನ್ನು ಮತ್ತೆ 12ರಿಂದ ಭಾಗಿಸಿದರೆ 9600, 48ರಿಂದ ಭಾಗಿಸಿದರೆ 2400. ನಂತರದ ಕೆಲವು ಕಾರ್ಡ್‌ಗಳಲ್ಲಿ ನಾಲ್ಕು ಪಟ್ಟು ವೇಗದ, ಅಂದರೆ 7.3728 ಮೆಗಾಹರ್ಟ್ಸ್‌ನ ಸ್ಫಟಿಕವನ್ನು ಕೂಡಿಸಲಾಗಿತ್ತು. ಅಂತಹ ಕಾರ್ಡಿನಲ್ಲಿ ಹಳೆಯ ಪ್ರೋಗ್ರಾಮ್ 9600 ಎಂದು ಕೇಳಿದರೆ ದೊರೆಯುವುದು 38400. ಪರದೆಯ ಮೇಲೆ ಅರ್ಥವಿಲ್ಲದ ಚಿಹ್ನೆಗಳಷ್ಟೇ ಕಾಣುತ್ತಿದ್ದು, ಬೇರೆಲ್ಲ ಸರಿಯಿದ್ದರೆ, ಕಾರ್ಡಿನ ಮೇಲಿನ ಸ್ಫಟಿಕದ ಮೇಲೆ ಬರೆದ ಅಂಕಿಯನ್ನು ಓದಿನೋಡುವುದು ಲೇಸು.

ಅಕ್ಷರವೊಂದು ಪೂರ್ತಿಯಾಗಿ ಬಂದೊಡನೆ ಚಿಪ್ ಅದನ್ನು ಸ್ವೀಕಾರ ರಿಜಿಸ್ಟರಿನಲ್ಲಿಟ್ಟು, ಪ್ರೊಸೆಸರಿಗೆ ಇಂಟರಪ್ಟ್ ಎಂಬ ಕರೆಯನ್ನು ಕಳುಹಿಸುತ್ತದೆ. ಪ್ರೊಸೆಸರ್ ಕೈಯಲ್ಲಿರುವ ಕೆಲಸವನ್ನು ನಿಲ್ಲಿಸಿ ಬಂದು ಅದನ್ನು ಎತ್ತಿಕೊಳ್ಳಬೇಕು. 8250 ಮತ್ತು 16450ರಲ್ಲಿ ಹೀಗೆ ಕಾಯುವುದಕ್ಕೆ ಇರುವುದು ಒಂದೇ ಅಕ್ಷರದ ಸ್ಥಳ. ನಲ್ಲಿಯಡಿ ಒಂದೇ ತಂಬಿಗೆಯಿಟ್ಟು ತುಂಬಿದಾಗಲೆಲ್ಲ ಓಡಿಬಂದು ಬರಿದು ಮಾಡಬೇಕಾದ ಸ್ಥಿತಿಯಂತೆ ಇದು. ಬರುವುದು ತಡವಾದರೆ ನಲ್ಲಿಯೇನೂ ನಿಲ್ಲುವುದಿಲ್ಲ. ಮುಂದಿನ ಅಕ್ಷರ ಹಿಂದಿನದರ ಮೇಲೆಯೇ ಬಂದು ಕೂರುತ್ತದೆ, ಹಿಂದಿನದು ಅಳಿದುಹೋಗುತ್ತದೆ. ಇದಕ್ಕೆ ಓವರ್‌ರನ್ ಎಂದು ಹೆಸರು.

ಚಿಪ್‌ಗಳ ಪೀಳಿಗೆಗಳು

ಐಬಿಎಂ ಪಿಸಿ ಮತ್ತು ಪಿಸಿ ಎಕ್ಸ್‌ಟಿಗಳಲ್ಲಿ ಸೀರಿಯಲ್ ಪೋರ್ಟ್ ಪ್ರತ್ಯೇಕ ಕಾರ್ಡಿನಲ್ಲಿ ಬರುತ್ತಿತ್ತು, ಅದರ ಮೇಲೆ 40 ಪಿನ್‌ಗಳ 8250 ಇರುತ್ತಿತ್ತು. ಈ ಮೊದಲ ಚಿಪ್ಪಿನಲ್ಲಿ, ವಿಶೇಷವಾಗಿ ಇಂಟರಪ್ಟ್ ಕಳುಹಿಸುವ ಭಾಗದಲ್ಲಿ, ಕೆಲವು ದೋಷಗಳಿದ್ದವು. ಐಬಿಎಂನ ಬಯಾಸ್ ಆ ದೋಷಗಳನ್ನು ಸರಿದೂಗಿಸಿಕೊಂಡು ನಡೆಯುವಂತೆ ರಚಿತವಾಗಿತ್ತು. ಮುಂದೆ ದೋಷಗಳನ್ನು ತಿದ್ದಿ 8250ಎ ಬಂದಾಗ ವಿಚಿತ್ರ ಪರಿಸ್ಥಿತಿ ಉಂಟಾಯಿತು: ದೋಷವಿರುತ್ತದೆಂದೇ ನಂಬಿ ಬರೆದ ಬಯಾಸ್, ದೋಷವಿಲ್ಲದ ಚಿಪ್ಪಿನೊಂದಿಗೆ ಸರಿಯಾಗಿ ನಡೆಯಲಿಲ್ಲ. ಹಾಗಾಗಿ 8250ಎ ಬಳಕೆಯಾದದ್ದು ಸ್ವತಂತ್ರವಾಗಿ ಬಯಾಸ್ ಬರೆದುಕೊಂಡ ಬೇರೆ ತಯಾರಕರ ಗಣಕಗಳಲ್ಲಿ. 8250ಬಿ ಎಂಬುದು ಮೂಲ ಚಿಪ್ಪಿನ ನಡವಳಿಕೆಯನ್ನೇ ಉಳಿಸಿಕೊಂಡ ರೂಪ. ಹೆಸರಿನಲ್ಲಿ ಎ ಆದಮೇಲೆ ಬಿ ಬರುವುದರಿಂದ ಅದು ಹೆಚ್ಚು ಸುಧಾರಿತವೆಂದು ಭಾವಿಸುವುದು ಸಹಜ. ವಾಸ್ತವ ಅದಕ್ಕೆ ವಿರುದ್ಧ. ಮೂಲ ಐಬಿಎಂ ಪಿಸಿ ಅಥವಾ ಎಕ್ಸ್‌ಟಿಯನ್ನು ದುರಸ್ತಿ ಮಾಡುವವರು ಈ ಒಂದಕ್ಷರವನ್ನು ಗಮನಿಸದೆ ಚಿಪ್ ಬದಲಾಯಿಸಿದರೆ ಇದ್ದ ತೊಂದರೆಯ ಜೊತೆಗೆ ಹೊಸದೊಂದನ್ನು ತಂದುಕೊಂಡಂತಾಗುತ್ತದೆ.

1984ರ ಪಿಸಿ ಎಟಿಯೊಂದಿಗೆ 16450 ಬಂದಿತು. ಇದರ ಮುಖ್ಯ ಗುಣ ವೇಗದ ಬಸ್ಸಿನೊಂದಿಗೆ ಹೆಜ್ಜೆ ಹಾಕಬಲ್ಲದ್ದು. ಹಳೆಯ 8250 ಒಂದು ರಿಜಿಸ್ಟರನ್ನು ಓದಿದ ಮೇಲೆ ಇನ್ನೊಂದಕ್ಕೆ ಕೈಹಾಕುವ ಮೊದಲು ತುಸು ವಿಶ್ರಾಂತಿ ಬೇಡುತ್ತದೆ. ಎಕ್ಸ್‌ಟಿ ಕಾಲದ ಕಾರ್ಡನ್ನು ತೆಗೆದು ವೇಗದ 386 ಗಣಕದ ಸ್ಲಾಟಿನಲ್ಲಿಟ್ಟಾಗ ಅದು ಒಮ್ಮೆ ನಡೆದು ಒಮ್ಮೆ ಕೈಕೊಡುವುದು ಇದರಿಂದ. ಅಕ್ಷರಗಳನ್ನು ಹಿಡಿದಿಡುವ ಸಾಮರ್ಥ್ಯದಲ್ಲಿ ಮಾತ್ರ ಎರಡಕ್ಕೂ ವ್ಯತ್ಯಾಸವಿಲ್ಲ.

1987ರಲ್ಲಿ ಪ್ರಕಟವಾದ ಐಬಿಎಂ ಪಿಎಸ್/2 ಸರಣಿಯ ಗಣಕಗಳಲ್ಲಿ 16550 ಕಾಣಿಸಿಕೊಂಡಿತು. ಇದರಲ್ಲಿ ಬರುವ ಮತ್ತು ಹೋಗುವ ಎರಡೂ ದಿಕ್ಕುಗಳಿಗೆ 16 ಬೈಟ್‌ಗಳ ಸಾಲುಗಳಿದ್ದವು. ಮೊದಲು ಬಂದದ್ದು ಮೊದಲು ಹೊರಹೋಗುವ ಈ ಸಾಲಿಗೆ ಫೈಫೋ ಎಂದು ಹೆಸರು. ದುರದೃಷ್ಟವಶಾತ್ ಮೊದಲ 16550ರ ಫೈಫೋ ನಂಬಲರ್ಹವಾಗಿರಲಿಲ್ಲ. ಅದನ್ನು 16450 ಎಂದೇ ತಿಳಿದು ಫೈಫೋ ಮುಚ್ಚಿಟ್ಟು ಬಳಸುವುದು ಕ್ಷೇಮ. ದೋಷ ತಿದ್ದಿದ ರೂಪವೇ 16550ಎ. ಮಾರುಕಟ್ಟೆಯಲ್ಲಿ 16550 ಎಂದು ಸಡಿಲವಾಗಿ ಹೇಳುವಾಗ ಬಹುತೇಕ ಇದನ್ನೇ ಉದ್ದೇಶಿಸಿರುತ್ತಾರೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಮುಂತಾದ ತಯಾರಕರ 16ಸಿ550 ಎಂಬ ಹೆಸರಿನ ಚಿಪ್‌ಗಳೂ ಸರಿಯಾದ ಫೈಫೋ ಇರುವವೇ. ನಡುವಿನ ಸಿ ಅಕ್ಷರ ಸಿಮಾಸ್ ತಂತ್ರಜ್ಞಾನವನ್ನು ಸೂಚಿಸುತ್ತದೆ. ಅನಂತರ 32 ಬೈಟ್‌ಗಳ 16650, 64 ಬೈಟ್‌ಗಳ 16750 ಬಂದವು. ಆಪಲ್ ಮ್ಯಾಕಿಂಟಾಷ್ ಮತ್ತು ಸನ್ ಗಣಕಗಳಲ್ಲಿದ್ದ ಝೈಲಾಗ್ 8530 ಬೇರೆಯೇ ವಂಶದ್ದು, ಇವುಗಳೊಂದಿಗೆ ಹೋಲಿಕೆಯಿಲ್ಲ.

ಅಕ್ಷರ ಕಳೆದುಹೋಗುವ ಬಗೆ

1990ರಲ್ಲಿ ವಿ.42ಬಿಸ್ ಎಂಬ ಸಂಕೋಚನ ವಿಧಾನವೂ 1991ರಲ್ಲಿ ಸೆಕೆಂಡಿಗೆ 14400 ಬಿಟ್ ಸಾಗಿಸುವ ವಿ.32ಬಿಸ್ ಮೋಡೆಮ್ ಮಾನದಂಡವೂ ಬಂದ ಮೇಲೆ ಈ ತೊಂದರೆ ಮನೆಮನೆಗೆ ಮುಟ್ಟಿತು. ಸಂಕುಚಿತವಾಗಿ ಬಂದ ದತ್ತಾಂಶವನ್ನು ಮೋಡೆಮ್ ಬಿಡಿಸಿದಾಗ ಅದು ನಾಲ್ಕು ಪಟ್ಟು ಹಿಗ್ಗಬಹುದು; ಹಾಗಾಗಿ ಮೋಡೆಮ್ ಮತ್ತು ಗಣಕದ ನಡುವಿನ ವೇಗವನ್ನು 57600ಕ್ಕೆ ಇಡಬೇಕೆಂದು ಕೈಪಿಡಿಗಳು ಹೇಳುತ್ತಿದ್ದವು. ದೂರವಾಣಿ ತಂತಿಯ ವೇಗ 14400 ಆಗಿದ್ದರೂ ಗಣಕದೊಳಗಿನ ಚಿಪ್ ಅದರ ನಾಲ್ಕರಷ್ಟನ್ನು ತಾಳಿಕೊಳ್ಳಬೇಕಾಯಿತು.

ಮೊದಲ ಪಿಸಿಯ 8088 ಪ್ರೊಸೆಸರಿನ ವೇಗ 4.77 ಮೆಗಾಹರ್ಟ್ಸ್. 115200ರಲ್ಲಿ ಎರಡು ಅಕ್ಷರಗಳ ನಡುವೆ ಅದಕ್ಕೆ ದೊರೆಯುವುದು ಸುಮಾರು 414 ಗಡಿಯಾರ ಮಿಡಿತಗಳು ಮಾತ್ರ. ಅಷ್ಟರಲ್ಲಿ ಕೈಯಲ್ಲಿರುವ ಕೆಲಸವನ್ನು ಬದಿಗಿಟ್ಟು, ಅಕ್ಷರವನ್ನು ಎತ್ತಿ, ಸ್ಮೃತಿಯಲ್ಲಿಟ್ಟು ಮರಳಬೇಕು. ವೇಗದ 386, 486 ಗಣಕಗಳಲ್ಲಿ ಮಿಡಿತಗಳಿಗೆ ಕೊರತೆಯಿಲ್ಲದಿದ್ದರೂ ಬೇರೆ ಅಡ್ಡಿಗಳಿದ್ದವು. ಡಿಸ್ಕಿಗೆ ಬರೆಯುವಾಗ ಇಂಟರಪ್ಟ್‌ಗಳನ್ನು ತಡೆಹಿಡಿಯುವ ಪ್ರೋಗ್ರಾಮ್‌ಗಳು, ಇಎಂಎಂ386ರಂತಹ ಸ್ಮೃತಿ ನಿರ್ವಾಹಕಗಳು, ಎಲ್ಲಕ್ಕಿಂತ ಹೆಚ್ಚಾಗಿ ಒಂದೇ ವೇಳೆಗೆ ಹಲವು ಕೆಲಸಗಳನ್ನು ನಡೆಸುವ ವಿಂಡೋಸ್ 3.1. ಡಾಸ್‌ನಲ್ಲಿ ಚೆನ್ನಾಗಿ ನಡೆಯುತ್ತಿದ್ದ ಮೋಡೆಮ್ ವಿಂಡೋಸ್‌ನಲ್ಲಿ ತಪ್ಪು ಮಾಡುತ್ತದೆ ಎಂಬ ದೂರಿಗೆ ಸಾಮಾನ್ಯ ಕಾರಣ ಇದು.

ಮೋಡೆಮ್‌ಗೂ ಗಣಕಕ್ಕೂ ನಡುವೆ ಆರ್‌ಟಿಎಸ್ ಮತ್ತು ಸಿಟಿಎಸ್ ತಂತಿಗಳ ಮೂಲಕ ನಡೆಯುವ ಹರಿವಿನ ನಿಯಂತ್ರಣ ಇರುವಾಗ ಅಕ್ಷರ ಕಳೆಯುವುದಾದರೂ ಹೇಗೆ ಎಂಬ ಪ್ರಶ್ನೆ ಏಳುತ್ತದೆ. ಆ ನಿಯಂತ್ರಣ ಡ್ರೈವರ್ ತಂತ್ರಾಂಶದ ಕೈಯಲ್ಲಿದೆ, ಚಿಪ್ಪಿನ ಕೈಯಲ್ಲಲ್ಲ. ಸ್ಮೃತಿಯಲ್ಲಿ ತಾನಿಟ್ಟುಕೊಂಡ ದೊಡ್ಡ ಸಂಗ್ರಹ ತುಂಬುತ್ತ ಬಂದಾಗ ಡ್ರೈವರ್ ಮೋಡೆಮ್‌ಗೆ ನಿಲ್ಲೆನ್ನುತ್ತದೆ. ಆದರೆ ಅಕ್ಷರ ಕಳೆಯುತ್ತಿರುವುದು ಅದಕ್ಕೂ ಮೊದಲಿನ ಹಂತದಲ್ಲಿ, ಡ್ರೈವರಿಗೆ ಎದ್ದು ಬರಲು ಅವಕಾಶವೇ ಸಿಗದ ಹೊತ್ತಿನಲ್ಲಿ. ಹೀಗಾಗಿ ಕೇಬಲ್ ಸರಿಯಿದ್ದು, ನಿಯಂತ್ರಣ ಸರಿಯಿದ್ದು, ಮೋಡೆಮ್ ಸರಿಯಿದ್ದೂ ಕಡತ ಕೆಡುತ್ತದೆ.

ಚಿಪ್ ಈ ನಷ್ಟವನ್ನು ದಾಖಲಿಸುತ್ತದೆಂಬುದು ನಿಜ: ಲೈನ್ ಸ್ಟೇಟಸ್ ರಿಜಿಸ್ಟರಿನ ಒಂದು ಬಿಟ್ ಓವರ್‌ರನ್ ಸೂಚಿಸಲೆಂದೇ ಇದೆ. ಆದರೆ ಆ ರಿಜಿಸ್ಟರನ್ನು ಒಮ್ಮೆ ಓದಿದೊಡನೆ ಸೂಚನೆ ಅಳಿಸಿಹೋಗುತ್ತದೆ. ಅಕ್ಷರ ಬಂದಿದೆಯೇ ಎಂದಷ್ಟೇ ನೋಡುವ ಪ್ರೋಗ್ರಾಮ್ ಅದೇ ರಿಜಿಸ್ಟರನ್ನು ಓದಿ, ಅರಿವಿಲ್ಲದೆ ಸಾಕ್ಷ್ಯವನ್ನು ಒರೆಸಿಬಿಡುತ್ತದೆ. ಝಡ್‌ಮೋಡೆಮ್‌ನಂತಹ ವಿಧಾನಗಳು ಕೆಟ್ಟ ತುಣುಕನ್ನು ಪತ್ತೆಹಚ್ಚಿ ಮತ್ತೆ ಕೇಳುವುದರಿಂದ ಬಳಕೆದಾರನಿಗೆ ಕಾಣುವುದು ವಿಳಂಬವಷ್ಟೇ. ಮಾಪನ ಉಪಕರಣದಿಂದ ಅಂಕಿಗಳನ್ನು ನೇರವಾಗಿ ಬರೆದುಕೊಳ್ಳುವ ಪ್ರೋಗ್ರಾಮಿನಲ್ಲಿ ಅಂತಹ ತಪಾಸಣೆಯಿಲ್ಲದಿದ್ದರೆ ಒಂದು ಅಂಕೆ ಬಿಟ್ಟುಹೋಗಿ 1250 ಎಂಬುದು 125 ಆಗಿ ದಾಖಲಾಗಬಹುದು. ಆ ತಪ್ಪನ್ನು ಮುಂದೆ ಯಾರೂ ಗುರುತಿಸಲಾರರು.

ಓವರ್‌ರನ್ ಗುರುತಿಸಲು ಸುಲಭವಾದ ಲಕ್ಷಣವೊಂದಿದೆ. ಅದು ಸ್ವೀಕರಿಸುವಾಗ ಮಾತ್ರ ಆಗುತ್ತದೆ. ಕಳುಹಿಸುವಾಗ ಪ್ರೊಸೆಸರ್ ತಡಮಾಡಿದರೆ ತಂತಿ ಸ್ವಲ್ಪ ಹೊತ್ತು ಸುಮ್ಮನಿರುತ್ತದೆಯೇ ಹೊರತು ಏನೂ ಕಳೆಯುವುದಿಲ್ಲ. ಆದ್ದರಿಂದ ಕಳುಹಿಸಿದ ಕಡತ ಸರಿಯಾಗಿ ತಲುಪುತ್ತಿದ್ದು, ಬರುವ ಕಡತ ಮಾತ್ರ ಕೆಡುತ್ತಿದ್ದರೆ, ವೇಗ ಇಳಿಸಿದಾಗ ತೊಂದರೆ ಮಾಯವಾದರೆ, ಡಿಸ್ಕಿನ ದೀಪ ಬೆಳಗುವ ಹೊತ್ತಿಗೇ ತಪ್ಪುಗಳು ಬೀಳುತ್ತಿದ್ದರೆ ಅನುಮಾನ ಮೊದಲು ಚಿಪ್ಪಿನ ಮೇಲೆ ಹೋಗಬೇಕು. ಎರಡೂ ಕಡೆಯೂ ಅರ್ಥಹೀನ ಚಿಹ್ನೆಗಳು ಬರುತ್ತಿದ್ದರೆ ಅದು ವೇಗ ಅಥವಾ ಪ್ಯಾರಿಟಿಯ ಹೊಂದಾಣಿಕೆಯಿಲ್ಲದ್ದು.

ಚಿಪ್ ಯಾವುದೆಂದು ಗುರುತಿಸುವುದು

ಸಾಕೆಟಿನಲ್ಲಿ ಕೂರಿಸಿದ ಚಿಪ್ ಆಗಿದ್ದರೆ ಅದರ ಬೆನ್ನಿನ ಮೇಲಿನ ಬರಹವೇ ಸಾಕು. 1990ರ ದಶಕದ ಗಣಕಗಳಲ್ಲಿ ಪ್ಲಾಪಿ, ಪ್ರಿಂಟರ್ ಮತ್ತು ಸೀರಿಯಲ್ ಪೋರ್ಟ್‌ಗಳೆಲ್ಲ ಒಂದೇ ದೊಡ್ಡ ಚಿಪ್ಪಿನೊಳಗೆ ಸೇರಿಹೋದ ಮೇಲೆ ತಂತ್ರಾಂಶದ ಮೂಲಕ ಕೇಳಿ ತಿಳಿಯುವುದೇ ದಾರಿಯಾಯಿತು.

ಮೈಕ್ರೋಸಾಫ್ಟ್ ಡಯಾಗ್ನೊಸ್ಟಿಕ್ಸ್, ಅಂದರೆ ಎಂಎಸ್‌ಡಿ, ಪೋರ್ಟಿನ ವಿವರಗಳ ಜೊತೆಗೆ ಚಿಪ್ಪಿನ ಹೆಸರನ್ನೂ ತೋರಿಸುತ್ತದೆ. ಇದನ್ನು ಡಾಸ್‌ನಿಂದ ನೇರವಾಗಿ ನಡೆಸಬೇಕು. ವಿಂಡೋಸ್ ಒಳಗಿನ ಡಾಸ್ ಕಿಟಕಿಯಲ್ಲಿ ನಡೆಸಿದರೆ ಅದಕ್ಕೆ ಕಾಣುವುದು ವಿಂಡೋಸ್ ನಡುವೆ ನಿಂತು ತೋರಿಸುವ ಕಲ್ಪಿತ ಪೋರ್ಟ್. ಒಳ್ಳೆಯ 16550ಎ ಇದ್ದರೂ ಹಳೆಯ ಚಿಪ್ ಎಂಬ ಉತ್ತರ ಬರಬಹುದು.

ಯಾವ ಉಪಕರಣದ ನೆರವೂ ಇಲ್ಲದೆ, ಡಾಸ್‌ನ ಡಿಬಗ್ ಪ್ರೋಗ್ರಾಮಿನಿಂದಲೂ ಇದನ್ನು ತಿಳಿಯಬಹುದು. ಮೊದಲ ಪೋರ್ಟಿನ ಮೂಲ ವಿಳಾಸ ಹೆಕ್ಸಾಡೆಸಿಮಲ್ ಎಣಿಕೆಯಲ್ಲಿ 3ಎಫ್8. ಅದಕ್ಕೆ ಎರಡು ಸೇರಿಸಿದ 3ಎಫ್ಎ ವಿಳಾಸಕ್ಕೆ ಬರೆದರೆ ಅದು ಫೈಫೋ ನಿಯಂತ್ರಕ, ಓದಿದರೆ ಇಂಟರಪ್ಟ್ ಗುರುತಿನ ರಿಜಿಸ್ಟರ್. ಅಲ್ಲಿಗೆ 1 ಬರೆದು ಕೂಡಲೇ ಓದಬೇಕು. ಸಿ1 ಎಂದು ಬಂದರೆ, ಅಂದರೆ ಮೇಲಿನ ಎರಡು ಬಿಟ್‌ಗಳೂ 1 ಆಗಿದ್ದರೆ, ಅದು 16550ಎ ಅಥವಾ ಅದರ ಸಮಾನ. 81 ಎಂದು ಬಂದರೆ ಫೈಫೋ ದೋಷವಿರುವ ಮೊದಲ 16550. ಮೇಲಿನ ಎರಡೂ ಬಿಟ್‌ಗಳು ಸೊನ್ನೆಯಾಗಿದ್ದರೆ ಫೈಫೋ ಇಲ್ಲವೇ ಇಲ್ಲ. ಆಗ 8250ಕ್ಕೂ 16450ಕ್ಕೂ ಭೇದ ತಿಳಿಯಲು 3ಎಫ್ಎಫ್ ವಿಳಾಸಕ್ಕೆ 55 ಬರೆದು ಓದಿನೋಡಬೇಕು. ಬರೆದದ್ದೇ ಮರಳಿ ಬಂದರೆ ಅಲ್ಲಿ ಸ್ಕ್ರ್ಯಾಚ್ ರಿಜಿಸ್ಟರ್ ಇದೆ, ಚಿಪ್ 16450 ಅಥವಾ 8250ಎ. ಬಾರದಿದ್ದರೆ ಅದು ಮೂಲ 8250 ಅಥವಾ 8250ಬಿ. ಮೌಸ್ ಇದೇ ಪೋರ್ಟಿನಲ್ಲಿದ್ದು ಅದರ ಡ್ರೈವರ್ ನಡೆಯುತ್ತಿದ್ದರೆ ಈ ಪರೀಕ್ಷೆಯನ್ನು ಮಾಡಬಾರದು.

ಪರೀಕ್ಷೆ ಮುಗಿದ ಮೇಲೆ 3ಎಫ್ಎಗೆ ಸೊನ್ನೆ ಬರೆದು ಫೈಫೋ ಮುಚ್ಚುವುದನ್ನು ಮರೆಯಬಾರದು. ಐಬಿಎಂ ಪಿಸಿಯ ಮೂಲ ಬಯಾಸ್ ಆರಂಭದಲ್ಲಿ ಪೋರ್ಟ್‌ಗಳನ್ನು ಹುಡುಕುವಾಗ ಇದೇ ರಿಜಿಸ್ಟರನ್ನು ಓದಿ, ಮೇಲಿನ ಐದು ಬಿಟ್‌ಗಳು ಸೊನ್ನೆಯಾಗಿದ್ದರೆ ಮಾತ್ರ ಪೋರ್ಟ್ ಇದೆಯೆಂದು ಒಪ್ಪುತ್ತದೆ. ಫೈಫೋ ತೆರೆದೇ ಇದ್ದು, ವಿದ್ಯುತ್ ಆರಿಸದೆ ಕೀಲಿಮಣೆಯಿಂದ ಮರುಪ್ರಾರಂಭಿಸಿದರೆ, ಇದೇ ಬಗೆಯ ತಪಾಸಣೆ ಮಾಡುವ ಬಯಾಸ್‌ಗೆ ಪೋರ್ಟ್ ಕಾಣುವುದಿಲ್ಲ. ಮರುಪ್ರಾರಂಭಿಸಿದಾಗ ಮಾಯವಾಗಿ, ಪೂರ್ತಿ ಆರಿಸಿ ಹಚ್ಚಿದಾಗ ಮರಳಿ ಬರುವ ಪೋರ್ಟಿನ ರಹಸ್ಯ ಇದರಲ್ಲಿರುವುದುಂಟು.

ಲಿನಕ್ಸ್‌ನಲ್ಲಿ ಈ ತಪಾಸಣೆಯನ್ನು ಕರ್ನಲ್ ತಾನೇ ಆರಂಭದಲ್ಲಿ ಮಾಡಿ ಚಿಪ್ಪಿನ ಹೆಸರನ್ನು ತಿಳಿಸುತ್ತದೆ. ಸೆಟ್‌ಸೀರಿಯಲ್ ಆಜ್ಞೆಯಿಂದಲೂ ನೋಡಬಹುದು. ಪ್ರೋಕ್ ಕಡತವ್ಯವಸ್ಥೆಯಲ್ಲಿನ ಸೀರಿಯಲ್ ಡ್ರೈವರಿನ ಪಟ್ಟಿ ಇನ್ನೂ ಉಪಯುಕ್ತ. ಬಂದ ಮತ್ತು ಹೋದ ಬೈಟ್‌ಗಳ ಎಣಿಕೆಯ ಜೊತೆಗೆ ಓವರ್‌ರನ್ ಆದ ಸಲಗಳ ಎಣಿಕೆಯನ್ನೂ ಅದು ಕೊಡುತ್ತದೆ. ಊಹೆಗೆ ಅವಕಾಶವಿಲ್ಲದಂತೆ ತೊಂದರೆಯನ್ನು ಅಂಕಿಯಲ್ಲಿ ತೋರಿಸುವ ಸಾಧನ ಹಳೆಯ ಡಾಸ್ ಲೋಕದಲ್ಲಿ ಸುಲಭವಾಗಿ ಸಿಗುತ್ತಿರಲಿಲ್ಲ.

ಚಿಪ್ ಅಲ್ಲದ ಕಾರಣಗಳು

ಚಿಪ್ ಬದಲಾಯಿಸುವ ಮೊದಲು ಪರಿಶೀಲಿಸಬೇಕಾದ ಬೇರೆ ಸಂಗತಿಗಳಿವೆ. ರೂಢಿಯ ವ್ಯವಸ್ಥೆಯಲ್ಲಿ ಕಾಮ್1 ಮತ್ತು ಕಾಮ್3 ಎರಡೂ 4ನೆಯ ಇಂಟರಪ್ಟ್ ತಂತಿಯನ್ನು, ಕಾಮ್2 ಮತ್ತು ಕಾಮ್4 ಎರಡೂ 3ನೆಯದನ್ನು ಬಳಸುತ್ತವೆ. ಪಿಎಸ್/2ರ ಮೈಕ್ರೋಚಾನೆಲ್ ಬಸ್ಸಿನಲ್ಲಿ ಇಂತಹ ಹಂಚಿಕೆ ಸಾಧ್ಯ. ಸಾಮಾನ್ಯ ಐಎಸ್ಎ ಬಸ್ಸಿನಲ್ಲಿ ಸಾಧ್ಯವಿಲ್ಲ. ಮೌಸ್ ಕಾಮ್1ರಲ್ಲಿ, ಒಳಗಿನ ಮೋಡೆಮ್ ಕಾಮ್3ರಲ್ಲಿ ಇದ್ದರೆ ಮೌಸನ್ನು ಅಲುಗಾಡಿಸಿದ ಗಳಿಗೆಯಲ್ಲಿ ಮೋಡೆಮ್ ಸ್ತಬ್ಧವಾಗುತ್ತದೆ. ಅಕ್ಷರಗಳು ಬಹಳ ಹೊತ್ತು ಬಿಟ್ಟು ಹದಿನಾರರ ಗುಂಪುಗಳಲ್ಲಿ ನಿಧಾನವಾಗಿ ಹೊರಬರುತ್ತಿದ್ದರೆ ಇಂಟರಪ್ಟ್ ಸಂಖ್ಯೆ ತಪ್ಪಾಗಿದೆಯೆಂದು ಹೆಚ್ಚುಕಡಿಮೆ ನಿಶ್ಚಯವಾಗಿ ಹೇಳಬಹುದು. ಕರೆಯೇ ತಲುಪದೆ, ಡ್ರೈವರ್ ಕಾದು ಬೇಸತ್ತು ತಾನೇ ಬಂದು ನೋಡಿದಾಗಷ್ಟೇ ಫೈಫೋ ತುಂಬುತ್ತಿರುತ್ತದೆ. ಕಾಮ್4ರ ವಿಳಾಸವಾದ 2ಇ8ಕ್ಕೆ ಇನ್ನೊಂದು ಕಂಟಕವಿದೆ. ಐಬಿಎಂ 8514/ಎ ಚಿತ್ರ ಕಾರ್ಡು ಮತ್ತು ಅದನ್ನು ಅನುಸರಿಸಿದ ಎಸ್3 ಮುಂತಾದ ಚಿಪ್‌ಗಳು 2ಇ8 ಎಂದು ಕೊನೆಗೊಳ್ಳುವ ವಿಳಾಸಗಳನ್ನು ಬಳಸುತ್ತವೆ. ವಿಳಾಸದ ಕೆಳಗಿನ ಹತ್ತು ಬಿಟ್‌ಗಳನ್ನಷ್ಟೇ ನೋಡುವ ಹಳೆಯ ಸೀರಿಯಲ್ ಕಾರ್ಡ್ ಅವನ್ನೆಲ್ಲ ತನ್ನದೆಂದೇ ತಿಳಿಯುತ್ತದೆ.

ಚಿಪ್ ಸತ್ತಿದೆಯೆಂದು ತೀರ್ಮಾನಿಸುವ ಮೊದಲು ಅದರ ಹಿಂದಿರುವ 1488 ಮತ್ತು 1489 ಎಂಬ ಚಾಲಕ ಚಿಪ್‌ಗಳನ್ನು ಪರೀಕ್ಷಿಸಬೇಕು. ಒಳಗಿನ 5 ವೋಲ್ಟ್ ಸಂಕೇತವನ್ನು ತಂತಿಗೆ ಬೇಕಾದ ಧನ ಮತ್ತು ಋಣ ವೋಲ್ಟೇಜುಗಳಿಗೆ ಮಾರ್ಪಡಿಸುವ ಇವು ಹೊರಜಗತ್ತಿಗೆ ನೇರವಾಗಿ ಒಡ್ಡಿಕೊಂಡಿರುವುದರಿಂದ ಮೊದಲು ಸುಡುವುದು ಇವೇ. ಪರೀಕ್ಷೆಗೆ ಸೊಗಸಾದ ಉಪಾಯವೊಂದು ಚಿಪ್ಪಿನಲ್ಲೇ ಇದೆ. ಮೋಡೆಮ್ ನಿಯಂತ್ರಣ ರಿಜಿಸ್ಟರಿನ ಲೂಪ್‌ಬ್ಯಾಕ್ ಬಿಟ್ ಹಾಕಿದರೆ ಕಳುಹಿಸಿದ ಅಕ್ಷರ ಹೊರಗೆ ಹೋಗದೆ ಒಳಗಿನಿಂದಲೇ ಮರಳುತ್ತದೆ. ಇದು ಸರಿಬಂದರೆ ಯುಎಆರ್‌ಟಿ ಸುಸ್ಥಿತಿಯಲ್ಲಿದೆ. ಅನಂತರ ಹೊರಗಿನ ಕನೆಕ್ಟರಿನ 2 ಮತ್ತು 3ನೆಯ ಪಿನ್‌ಗಳನ್ನು ಕೂಡಿಸಿ ಅದೇ ಪರೀಕ್ಷೆಯನ್ನು ಲೂಪ್‌ಬ್ಯಾಕ್ ಇಲ್ಲದೆ ಮಾಡಬೇಕು. ಈಗ ಸೋತರೆ ದೋಷ ಚಾಲಕ ಚಿಪ್‌ಗಳದ್ದು ಅಥವಾ ಕನೆಕ್ಟರಿನದ್ದು. 25 ಪಿನ್ನಿನ ಹಳೆಯ ಕನೆಕ್ಟರಿಗೂ ಎಟಿಯೊಂದಿಗೆ ಬಂದ 9 ಪಿನ್ನಿನದಕ್ಕೂ 2 ಮತ್ತು 3 ಇವೇ ಮುಖ್ಯ ಪಿನ್‌ಗಳಾದರೂ ಅವುಗಳ ಪಾತ್ರ ಅದಲುಬದಲಾಗಿದೆ. ಮೊದಲನೆಯದರಲ್ಲಿ ಗಣಕ 2ರಿಂದ ಕಳುಹಿಸುತ್ತದೆ, ಎರಡನೆಯದರಲ್ಲಿ 3ರಿಂದ. ಮನೆಯಲ್ಲೇ ಬೆಸುಗೆ ಹಾಕಿಕೊಂಡ ಕೇಬಲ್‌ಗಳು ಎಡವುವುದು ಇಲ್ಲಿ.

ಚಿಪ್ ಬದಲಾವಣೆ ಮತ್ತು ಫೈಫೋ ಹೊಂದಿಸುವುದು

16550ಎ ಚಿಪ್ಪಿನ ಪಿನ್ ವಿನ್ಯಾಸ 16450ಕ್ಕೆ ಹೊಂದುವಂತೆಯೇ ಇದೆ. ಸಾಕೆಟ್ ಇರುವ ಕಾರ್ಡಿನಲ್ಲಿ ಹಳೆಯದನ್ನು ಮೆಲ್ಲನೆ ಎಬ್ಬಿಸಿ ತೆಗೆದು, ತುದಿಯ ಕಚ್ಚು ಅದೇ ದಿಕ್ಕಿಗಿರುವಂತೆ ಹೊಸದನ್ನು ಕೂರಿಸಿದರೆ ಮುಗಿಯಿತು. ಆದರೆ ವಿದ್ಯುತ್ ಹಚ್ಚಿದಾಗ 16550ಎ ತನ್ನ ಫೈಫೋ ಮುಚ್ಚಿಕೊಂಡು 16450ರಂತೆಯೇ ವರ್ತಿಸುತ್ತದೆ. ತಂತ್ರಾಂಶ ಅದನ್ನು ತೆರೆಯದಿದ್ದರೆ ಹೊಸ ಚಿಪ್ಪಿನಿಂದ ಯಾವ ಪ್ರಯೋಜನವೂ ಇಲ್ಲ. ಹಣ ಕೊಟ್ಟು ಚಿಪ್ ತಂದರೂ ಏನೂ ಬದಲಾಗಲಿಲ್ಲ ಎಂದು ನಿರಾಶರಾದವರು ಮೊದಲು ನೋಡಬೇಕಾದದ್ದು ಡ್ರೈವರನ್ನು.

ಫೈಫೋ ತೆರೆದಾಗ ಎಷ್ಟು ಅಕ್ಷರಗಳು ಸೇರಿದ ಮೇಲೆ ಪ್ರೊಸೆಸರನ್ನು ಕರೆಯಬೇಕೆಂದು ನಿಗದಿ ಮಾಡಬಹುದು: 1, 4, 8 ಅಥವಾ 14. ಕೊನೆಯ ಕೆಲವೇ ಅಕ್ಷರಗಳು ಉಳಿದು ಮುಂದೇನೂ ಬಾರದಿದ್ದರೆ, ನಾಲ್ಕು ಅಕ್ಷರಗಳಷ್ಟು ಕಾಲ ಕಾದು ಚಿಪ್ ತಾನೇ ಕರೆಯುತ್ತದೆ. 115200ರಲ್ಲಿ ಪ್ರತಿ ಅಕ್ಷರಕ್ಕೂ ಕರೆದರೆ ಸೆಕೆಂಡಿಗೆ 11520 ಕರೆಗಳು; 14ಕ್ಕೊಮ್ಮೆ ಕರೆದರೆ ಸುಮಾರು 823 ಮಾತ್ರ. ಇದನ್ನು ಕಂಡು 14ನ್ನೇ ಆರಿಸಿಕೊಳ್ಳುವುದು ವಾಡಿಕೆ. ಆದರೆ 14 ಸೇರಿದ ಮೇಲೆ ಉಳಿಯುವ ಸ್ಥಳ ಎರಡೇ. 17ನೆಯ ಅಕ್ಷರ ಪೂರ್ತಿಯಾಗುವುದರೊಳಗೆ ಪ್ರೊಸೆಸರ್ ಬಾರದಿದ್ದರೆ ಓವರ್‌ರನ್ ಖಂಡಿತ. 57600ರ ವೇಗದಲ್ಲಿ ಈ ಅವಧಿ ಸುಮಾರು ಅರ್ಧ ಮಿಲಿಸೆಕೆಂಡ್. ಅದೇ 8ಕ್ಕೆ ನಿಗದಿ ಮಾಡಿದರೆ ಒಂದೂವರೆ ಮಿಲಿಸೆಕೆಂಡಿಗಿಂತ ಹೆಚ್ಚು. ಅಕ್ಷರ ಕಳೆಯುತ್ತಿರುವ ನಿಧಾನಗತಿಯ ಗಣಕದಲ್ಲಿ ಈ ಸಂಖ್ಯೆಯನ್ನು ಇಳಿಸಬೇಕೇ ಹೊರತು ಏರಿಸಬಾರದು. ವಿಂಡೋಸ್ 95ರಲ್ಲಿ ಪೋರ್ಟಿನ ಸುಧಾರಿತ ಆಯ್ಕೆಗಳಲ್ಲಿ ಸ್ವೀಕಾರಕ್ಕೂ ಪ್ರೇಷಣಕ್ಕೂ ಎರಡು ಜಾರುಗುಂಡಿಗಳಿರುವುದು ಇದಕ್ಕಾಗಿಯೇ.

ಹೊಸ ಚಿಪ್ ತರುವ ತೊಂದರೆ

ಫೈಫೋ ಇರುವ ಚಿಪ್ ಎಲ್ಲೆಡೆಯೂ ಮೇಲು ಎನ್ನುವಂತಿಲ್ಲ. ಇದು ಹೆಚ್ಚಾಗಿ ಅನುಭವಕ್ಕೆ ಬರುವುದು ಗಣಕದಿಂದ ಗಣಕಕ್ಕಲ್ಲ, ಗಣಕದಿಂದ ಯಂತ್ರಕ್ಕೆ ದತ್ತಾಂಶ ಹೋಗುವಾಗ. ಲೋಹ ಕತ್ತರಿಸುವ ಸಿಎನ್‌ಸಿ ಯಂತ್ರಗಳ ಹಳೆಯ ನಿಯಂತ್ರಕಗಳಲ್ಲಿ ಸ್ಮೃತಿ ಅಲ್ಪ. ದೀರ್ಘವಾದ ಕಾರ್ಯಸೂಚಿಯನ್ನು ಗಣಕ ಸೀರಿಯಲ್ ತಂತಿಯ ಮೂಲಕ ತುಸುತುಸುವಾಗಿ ಉಣಿಸುತ್ತಿರಬೇಕು. ತನ್ನ ಸಂಗ್ರಹ ತುಂಬಿದಾಗ ನಿಯಂತ್ರಕ ಎಕ್ಸ್‌ಆಫ್ ಎಂಬ ಚಿಹ್ನೆ ಕಳುಹಿಸಿ ನಿಲ್ಲಿಸುವಂತೆ ಹೇಳುತ್ತದೆ. 8250 ಅಥವಾ 16450 ಇದ್ದ ಗಣಕ ಇನ್ನೊಂದೆರಡು ಅಕ್ಷರಗಳನ್ನು ಕಳುಹಿಸಿ ನಿಲ್ಲುತ್ತಿತ್ತು. 16550ಎಯಲ್ಲಿ ಡ್ರೈವರ್ ಆಗಲೇ 16 ಅಕ್ಷರಗಳನ್ನು ಪ್ರೇಷಣ ಫೈಫೋಗೆ ತುಂಬಿರಬಹುದು. ಡ್ರೈವರ್ ಎಕ್ಸ್‌ಆಫ್ ಕಂಡು ಕೈ ಹಿಂದೆಗೆದುಕೊಂಡರೂ ಫೈಫೋದಲ್ಲಿರುವುದು ಹೊರಹೋಗುತ್ತಲೇ ಇರುತ್ತದೆ. ನಿಯಂತ್ರಕಕ್ಕೆ ಅಷ್ಟನ್ನು ಹಿಡಿಯುವ ಸ್ಥಳವಿಲ್ಲದಿದ್ದರೆ ಕಾರ್ಯಸೂಚಿಯ ನಡುವಿನ ಕೆಲವು ಅಕ್ಷರಗಳು ಬಿದ್ದುಹೋಗುತ್ತವೆ. ನಿಯಂತ್ರಕ ತಪ್ಪನ್ನು ಗುರುತಿಸಿ ನಿಂತುಬಿಟ್ಟರೆ ಒಳಿತು. ಬಿಟ್ಟುಹೋದದ್ದು ಒಂದು ದಶಾಂಶ ಬಿಂದುವೋ ಅಂಕೆಯೋ ಆಗಿದ್ದರೆ ಉಪಕರಣ ತಪ್ಪು ಜಾಗಕ್ಕೆ ಚಲಿಸುತ್ತದೆ. ಹಳೆಯ ಗಣಕ ಕೆಟ್ಟಿತೆಂದು ಹೊಸದನ್ನು ತಂದಿಟ್ಟ ಕಾರ್ಖಾನೆಗಳಲ್ಲಿ, ಕೇಬಲ್ ಅದೇ, ವೇಗ ಅದೇ, ಪ್ರೋಗ್ರಾಮೂ ಅದೇ ಇರುವಾಗ ಈ ತೊಂದರೆ ಹುಟ್ಟಿಕೊಂಡರೆ ಕಾರಣ ಹೊಳೆಯುವುದು ಕಷ್ಟ.

ಪರಿಹಾರ ಸರಳ. ಪೋರ್ಟಿನ ಆಯ್ಕೆಗಳಲ್ಲಿ ಪ್ರೇಷಣ ಫೈಫೋವನ್ನು 1ಕ್ಕೆ ಇಳಿಸಬೇಕು ಅಥವಾ ಫೈಫೋ ಬಳಕೆಯನ್ನೇ ತೆಗೆದುಹಾಕಬೇಕು. ಯಂತ್ರಕ್ಕೆ ಹೋಗುವ ವೇಗ ಸಾಮಾನ್ಯವಾಗಿ 9600 ಅಥವಾ ಅದಕ್ಕಿಂತ ಕಡಿಮೆ ಇರುವುದರಿಂದ ಇದರಿಂದ ನಷ್ಟವೇನೂ ಇಲ್ಲ. ಲಿನಕ್ಸ್‌ನಲ್ಲಿ ಸೆಟ್‌ಸೀರಿಯಲ್ ಮೂಲಕ ಚಿಪ್ಪನ್ನು 16450 ಎಂದು ಘೋಷಿಸಿದರೆ ಡ್ರೈವರ್ ಫೈಫೋ ಗೋಜಿಗೆ ಹೋಗುವುದಿಲ್ಲ. ಆರ್‌ಟಿಎಸ್, ಸಿಟಿಎಸ್ ತಂತಿಗಳು ಎರಡೂ ಕಡೆ ಇದ್ದಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ 16ಸಿ550ಸಿ ಅಥವಾ 16750ರಂತಹ, ಸಿಟಿಎಸ್ ಸಂಕೇತಕ್ಕೆ ತಾನೇ ಮಣಿಯುವ ಚಿಪ್ ಇನ್ನೂ ಉತ್ತಮ. ಅಲ್ಲಿ ನಿಲ್ಲಿಸುವ ನಿರ್ಧಾರ ಡ್ರೈವರಿಗಾಗಿ ಕಾಯುವುದಿಲ್ಲ.

ನಂತರದ ಗಣಕಗಳಲ್ಲಿ

ಪಿಸಿಐ ಸೀರಿಯಲ್ ಕಾರ್ಡ್‌ಗಳಲ್ಲಿ ಚಿಪ್ ಇದೇ ವಂಶದ್ದಾದರೂ ವಿಳಾಸವನ್ನು ಗಣಕ ಆರಂಭವಾಗುವಾಗ ಹಂಚಲಾಗುತ್ತದೆ. ಅದು 3ಎಫ್8 ಆಗಿರಬೇಕಾಗಿಲ್ಲ. ಆ ವಿಳಾಸವನ್ನೇ ನೇರವಾಗಿ ಮುಟ್ಟುವ ಡಾಸ್ ಪ್ರೋಗ್ರಾಮ್‌ಗೆ ಇಂತಹ ಕಾರ್ಡ್ ಕಾಣುವುದಿಲ್ಲ. ಯುಎಸ್‌ಬಿಯಿಂದ ಸೀರಿಯಲ್‌ಗೆ ಮಾರ್ಪಡಿಸುವ ಕೇಬಲ್‌ಗಳಲ್ಲಿ ಈ ರಿಜಿಸ್ಟರ್‌ಗಳೇ ಇಲ್ಲ, ಡ್ರೈವರಿನ ಮೂಲಕವಷ್ಟೇ ಅವುಗಳೊಂದಿಗೆ ವ್ಯವಹರಿಸಬಹುದು. ದತ್ತಾಂಶ ಕಂತುಗಳಲ್ಲಿ ಸಾಗುವುದರಿಂದ ಎಕ್ಸ್‌ಆಫ್ ತಡವಾಗಿ ತಲುಪುವ ಮೇಲಿನ ತೊಂದರೆ ಅವುಗಳಲ್ಲಿ ಇನ್ನೂ ಹೆಚ್ಚು. 1990ರ ದಶಕದ ಕೊನೆಯಲ್ಲಿ ಅಗ್ಗವಾಗಿ ಬಂದ ವಿನ್‌ಮೋಡೆಮ್‌ಗಳು ಮೋಡೆಮ್‌ನ ಕೆಲಸದ ಬಹುಭಾಗವನ್ನು ವಿಂಡೋಸ್ ಡ್ರೈವರಿಗೆ ವಹಿಸಿದ್ದರಿಂದ ಡಾಸ್‌ನಲ್ಲಿ ಸಾಮಾನ್ಯವಾಗಿ ನಡೆಯುವುದಿಲ್ಲ. ಹೀಗಾಗಿ ಹಳೆಯ ಉಪಕರಣವನ್ನು ಹಳೆಯ ಪ್ರೋಗ್ರಾಮಿನಿಂದಲೇ ನಡೆಸಬೇಕಾದವರು ಐಎಸ್ಎ ಸ್ಲಾಟ್ ಇರುವ, ಅಥವಾ ಮದರ್‌ಬೋರ್ಡಿನ ಮೇಲೆಯೇ 3ಎಫ್8ರಲ್ಲಿ ಪೋರ್ಟ್ ಇರುವ ಗಣಕವನ್ನು ಕಾಪಾಡಿಕೊಳ್ಳುತ್ತಾರೆ.

ಚಿಪ್ ಕಣ್ಮರೆಯಾದರೂ ಅದರ ರಿಜಿಸ್ಟರ್ ವಿನ್ಯಾಸ ಉಳಿದಿದೆ. ಲಿನಕ್ಸ್ ಕರ್ನಲ್‌ನ ಸೀರಿಯಲ್ ಡ್ರೈವರಿಗೆ ಇಂದಿಗೂ 8250 ಎಂದೇ ಹೆಸರು. ಕ್ಯೂಎಂಯು ಮುಂತಾದ ತಂತ್ರಾಂಶಗಳು ಸೃಷ್ಟಿಸುವ ಕಲ್ಪಿತ ಗಣಕಗಳಲ್ಲಿ 3ಎಫ್8 ವಿಳಾಸದಲ್ಲಿ ಕಾಣುವುದು 16550ಎ; ಅದರ 3ಎಫ್ಎಗೆ 1 ಬರೆದು ಓದಿದರೆ ಮೇಲಿನ ಎರಡು ಬಿಟ್‌ಗಳೂ 1 ಆಗಿಯೇ ಬರುತ್ತವೆ.